ಸದ್ದಿಲ್ಲದೆ ದುಡಿದ ಜೀವ: ರೆವರೆಂಡ್ ಉತ್ತಂಗಿ ಚನ್ನಪ್ಪನವರು

(ನೋಯ್ಡಾದಲ್ಲಿ ನಡೆದ ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಮಾತನಾಡುವ ಯೋಗ್ಯತೆ ಸಾಹಿತಿಗಳಿಗೆ, ಪ್ರಾಧ್ಯಾಪಕರಿಗೆ ಸಲ್ಲತಕ್ಕದ್ದು. ನಾನಾದರೋ ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ, ವರ್ಗವಾಗಿ ಈ ಊರಿಗೆ ಬಂದವನು. ಜಮಾ ಖರ್ಚು ಬಿಟ್ಟರೆ ಬೇರೆ ವಿದ್ಯೆ ನನಗೆ ಹೆಚ್ಚಾಗಿ ತಿಳಿಯದು. ಆದರೂ "ಈ ಸಲ ನೀವೇ ನಾಲ್ಕು ಮಾತು ಆಡಬೇಕು" ಎಂದು ಕಾರ್ಯದರ್ಶಿಗಳು ಹಟ ಹಿಡಿದರು. ಹಿರಿಯರ ಮಾತನ್ನು ಮೀರಲಾರದೆ ತಮ್ಮೆದುರು ನಿಂತಿದ್ದೇನೆ.

ಈ ದಿನ ನಾವು ಆಲೂರು ವೆಂಕಟರಾಯರನ್ನು ನೆನೆಯುತ್ತೇವೆ, ಕುವೆಂಪು ಅವರನ್ನು ನೆನೆಯುತ್ತೇವೆ, ಬೇಂದ್ರೆಯವರನ್ನು ನೆನೆಯುತ್ತೇವೆ. ಅದು ಯುಕ್ತವೇ. ಆದರೆ ಒಂದು ಮನೆ ನಿಲ್ಲುವುದು ಕಾಣುವ ಕಂಬಗಳಿಂದ ಮಾತ್ರವಲ್ಲ. ನೆಲದಡಿಯಲ್ಲಿ ಹೂತುಹೋದ ಅಡಿಗಲ್ಲುಗಳಿಂದಲೂ ಹೌದು. ಅಂಥ ಅಡಿಗಲ್ಲಾಗಿದ್ದ ಒಬ್ಬ ಮಹನೀಯರ ಸ್ಮರಣೆಯನ್ನು ಇಂದು ಮಾಡಬೇಕೆಂದು ಬಂದಿದ್ದೇನೆ. ಅವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಅವರು ಹುಟ್ಟಿದ್ದು 1881ನೆಯ ಇಸವಿ ಅಕ್ಟೋಬರ್ 28ರಂದು, ಧಾರವಾಡದಲ್ಲಿ. ಅಂದರೆ ಪ್ರತಿ ವರ್ಷವೂ ಅವರ ಹುಟ್ಟುಹಬ್ಬವು ರಾಜ್ಯೋತ್ಸವಕ್ಕಿಂತ ನಾಲ್ಕು ದಿನ ಮೊದಲು ಬಂದು, ಯಾರ ಗಮನಕ್ಕೂ ಬೀಳದೆ ದಾಟಿ ಹೋಗುತ್ತದೆ. ಅವರ ಬಾಳೂ ಹಾಗೆಯೇ ಇತ್ತು. ಸದ್ದಿರಲಿಲ್ಲ, ಕೆಲಸವಿತ್ತು.

ಜರ್ಮನ್ ಭಾಷೆಯಲ್ಲಿ 'ನಾಡಿನ ಮೌನಿಗಳು' ಎಂಬರ್ಥದ ಒಂದು ಮಾತಿದೆ. ಯುರೋಪಿನಲ್ಲಿ ಮೆನ್ನೊನೈಟರೆಂಬ ಒಂದು ಕ್ರೈಸ್ತ ಪಂಗಡವಿದೆ. ಹದಿನಾರನೆಯ ಶತಮಾನದ ಮೆನ್ನೊ ಸೈಮನ್ಸ್ ಎಂಬುವರಿಂದ ಆ ಹೆಸರು ಬಂತು. ಕತ್ತಿ ಹಿಡಿಯದೆ, ಅಧಿಕಾರ ಬಯಸದೆ, ಹೊಲ ಗೆಯ್ದು, ಮರಗೆಲಸ ಮಾಡಿ, ನೆರೆಯವರಿಗೆ ನೆರವಾಗಿ ಬಾಳುವುದು ಅವರ ಕ್ರಮ. ನಮ್ಮ ರಾಯಚೂರಿನ ಗಡಿಯಾಚೆ ಗದ್ವಾಲ, ಮಹಬೂಬನಗರದ ಕಡೆ ಅವರ ಸಭೆಗಳು ಇಂದಿಗೂ ಇವೆ. ಅವರನ್ನೂ, ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದ ಕ್ರೈಸ್ತರನ್ನೂ ಜರ್ಮನರು ಆ ಹೆಸರಿನಿಂದಲೇ ಕರೆದರು. ಆ ವುರ್ಟೆಂಬರ್ಗಿನ ಭಕ್ತಿಪಂಥದವರ ಬಲದಿಂದಲೇ ಬೆಳೆದದ್ದು ನಮ್ಮ ಕನ್ನಡಿಗರಿಗೆ ಚಿರಪರಿಚಿತವಾದ ಬಾಸೆಲ್ ಮಿಶನ್. ಉತ್ತಂಗಿಯವರು ಆ ಮಿಶನ್ನಿನ ಸಭೆಯಲ್ಲಿ ಹುಟ್ಟಿ ಬೆಳೆದು, ಅಲ್ಲಿಯೇ ಬೋಧಕರಾದವರು. ಆ ಮೌನಿಗಳ ಸಾಲಿಗೆ ಕನ್ನಡನಾಡು ಕೊಟ್ಟ ಒಬ್ಬರೆಂದು ಅವರನ್ನು ಕರೆದರೆ ತಪ್ಪಾಗಲಾರದು.

ಬಾಸೆಲ್ ಮಿಶನ್ ಎಂದೊಡನೆ ನಮ್ಮಲ್ಲಿ ಕೆಲವರಿಗೆ ಮಂಗಳೂರು ಹೆಂಚು ನೆನಪಾಗುತ್ತದೆ, ಕೆಲವರಿಗೆ ಶಾಲೆ ನೆನಪಾಗುತ್ತದೆ. 1834ರಲ್ಲಿ ಅವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡಕ್ಕೂ, ಸ್ವಲ್ಪ ಕಾಲಾನಂತರ ಹುಬ್ಬಳ್ಳಿ, ಬೆಟಗೇರಿಗಳಿಗೂ ಕಾಲಿಟ್ಟರು. ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕಿಟ್ಟೆಲ್ಲರು 1853ರಲ್ಲಿ ಧಾರವಾಡಕ್ಕೆ ಬಂದು, ಹಲವು ದಶಕ ದುಡಿದು, 1894ರಲ್ಲಿ ತಮ್ಮ ನಿಘಂಟನ್ನು ನಾಡಿಗೆ ಕೊಟ್ಟರು. ಇವರೆಲ್ಲ ಹೊರಗಿನಿಂದ ಬಂದು ಕನ್ನಡ ಕಲಿತವರು. ಆದರೆ ಆ ಶಾಲೆಗಳಲ್ಲಿ ಕಲಿತ ಕನ್ನಡದ ಮಕ್ಕಳು ಏನಾದರು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ಕಿಟ್ಟೆಲ್ಲರ ನಿಘಂಟು ಅಚ್ಚಾಗಿ ಬಂದ ವರ್ಷ ಧಾರವಾಡದಲ್ಲಿ ಹನ್ನೆರಡು ಹದಿಮೂರು ವಯಸ್ಸಿನ ಬಾಲಕನಾಗಿದ್ದ ಚನ್ನಪ್ಪನು ಆ ಪ್ರಶ್ನೆಗೆ ಉತ್ತರವಾದನು.

ಹೆಸರನ್ನು ಗಮನಿಸಿರಿ. ಕ್ರೈಸ್ತ ಬೋಧಕರು, ಹೆಸರು ಚನ್ನಪ್ಪ. ಉತ್ತಂಗಿ ಎಂಬುದು ಹೂವಿನ ಹಡಗಲಿ ತಾಲ್ಲೂಕಿನ ಹಳ್ಳಿ. ಮತ ಹೊಸದಾದರೂ ಊರ ಹೆಸರನ್ನೂ ಅಪ್ಪ ಎಂಬ ಕನ್ನಡದ ಗೌರವವನ್ನೂ ಅವರು ಬಿಡಲಿಲ್ಲ. ಮಂಗಳೂರಿನ ದೇವಜ್ಞಾನಶಾಲೆಯಲ್ಲಿ ಓದಿ ಬೋಧಕ ವೃತ್ತಿಯನ್ನು ಹಿಡಿದರು. ಧಾರವಾಡ, ಹುಬ್ಬಳ್ಳಿ, ಗದಗ, ಹಡಗಲಿ ಈ ಭಾಗಗಳೇ ಅವರ ಕಾರ್ಯಕ್ಷೇತ್ರ. ಒಬ್ಬ ಸಭಾಪಾಲಕನ ದಿನಚರಿ ಎಂಥದೆಂದು ತಾವು ಊಹಿಸಬಹುದು: ಭಾನುವಾರದ ಆರಾಧನೆ, ಮದುವೆ, ಮಣ್ಣು, ರೋಗಿಗಳ ಭೇಟಿ, ಶಾಲೆಯ ಮೇಲ್ವಿಚಾರಣೆ, ಹಳ್ಳಿಗಳ ತಿರುಗಾಟ. ಅಷ್ಟರಲ್ಲಿ 1914ರ ಮಹಾಯುದ್ಧ ಬಂತು. ಜರ್ಮನ್ ಬೋಧಕರನ್ನು ಸರಕಾರ ಬಂಧನದಲ್ಲಿಟ್ಟು ಕೊನೆಗೆ ದೇಶದಿಂದ ಕಳಿಸಿತು. ಮಿಶನ್ನಿನ ಕಾರಖಾನೆಗಳು ಬೇರೆಯವರ ಕೈಸೇರಿದವು. ಸಭೆಗಳ ಹೊರೆಯೆಲ್ಲ ಚನ್ನಪ್ಪನವರಂಥ ದೇಶೀಯ ಬೋಧಕರ ಹೆಗಲಿಗೆ ಬಿತ್ತು. ಇಂಥ ಕಾಲದಲ್ಲಿಯೂ ಅವರು ವೃತ್ತಿಯ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ಇನ್ನೊಂದು ಕೆಲಸ ಮಾಡುತ್ತಿದ್ದರು. ಅದೇ ಸರ್ವಜ್ಞನ ವಚನಗಳ ಸಂಗ್ರಹ.

ಸಭಿಕರೇ, ಈ ಕೆಲಸದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿ ಕೊಡಬೇಕು. ಏಕೆಂದರೆ ಇಲ್ಲಿ ನನ್ನಂಥ ಲೆಕ್ಕದವನಿಗೂ ಅರ್ಥವಾಗುವ ಸಂಗತಿ ಇದೆ.

ಸರ್ವಜ್ಞ ನಮ್ಮ ಹಾವೇರಿ ಸೀಮೆಯವನು. ಅಬಲೂರು, ಮಾಸೂರುಗಳ ಹೆಸರು ಅವನೊಂದಿಗೆ ಹೆಣೆದುಕೊಂಡಿದೆ. ಅವನ ಕಾಲವನ್ನು ವಿದ್ವಾಂಸರು ಹದಿನಾರರಿಂದ ಹದಿನೆಂಟನೆಯ ಶತಮಾನದ ನಡುವೆ ಒಬ್ಬೊಬ್ಬರು ಒಂದೊಂದು ಕಡೆ ಇಡುತ್ತಾರೆ. ಮೂರು ಸಾಲಿನ ತ್ರಿಪದಿ, ಕೊನೆಗೆ ಅವನ ಹೆಸರು. ಒಕ್ಕಲಿಗ, ಅಕ್ಕಸಾಲಿಗ, ವೈದ್ಯ, ಜಂಗಮ, ಅತ್ತೆ, ಸೊಸೆ, ಬಡತನ, ಸಾಲ, ಅನ್ನ, ಯಾವುದನ್ನೂ ಅವನು ಬಿಟ್ಟಿಲ್ಲ. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಸಾಲ ಕೇಳಲು ಬಂದವರಿಗೂ, ಊಟ ಬಿಟ್ಟು ಏಳುವ ಮೊಮ್ಮಕ್ಕಳಿಗೂ ಅವಳು ಸರ್ವಜ್ಞನನ್ನೇ ಸಾಕ್ಷಿಗೆ ಕರೆಯುತ್ತಿದ್ದಳು.

ಹೀಗೆ ಎಲ್ಲರ ಬಾಯಲ್ಲಿದ್ದದ್ದು ಒಂದೇ ಕಡೆ ಇರಲಿಲ್ಲ ಎಂಬುದೇ ಕಷ್ಟ. ಒಬ್ಬರ ಮನೆಯಲ್ಲಿ ಓಲೆಗರಿ, ಇನ್ನೊಬ್ಬರ ಮನೆಯಲ್ಲಿ ಕೈಬರಹದ ಕಾಗದ, ಮತ್ತೊಬ್ಬರಿಗೆ ಬರೀ ನೆನಪು. ಒಂದೇ ವಚನ ಒಂದು ಊರಿನಲ್ಲಿ ಒಂದು ರೀತಿ, ಹತ್ತು ಹರದಾರಿ ದಾಟಿದರೆ ಇನ್ನೊಂದು ರೀತಿ. ನಕಲು ಮಾಡಿದವನು ಒಂದು ಅಕ್ಷರ ಬಿಟ್ಟರೆ ಅರ್ಥವೇ ತಿರುಗಿಬಿಡುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು: ಯಾರೋ ಒಬ್ಬ ಚತುರನು ಮೂರು ಸಾಲು ಕಟ್ಟಿ ಕೊನೆಗೆ ಸರ್ವಜ್ಞನ ಹೆಸರು ಹಾಕಿಬಿಟ್ಟರೆ ಅದೂ ಸರ್ವಜ್ಞನದೇ ಆಗಿಬಿಡುತ್ತದೆ. ಖೋಟಾ ಸಹಿಯನ್ನು ಗುರುತಿಸುವುದು ಎಷ್ಟು ಕಷ್ಟವೆಂಬುದು ಬ್ಯಾಂಕಿನ ನಮಗೆ ಗೊತ್ತು. ನಮ್ಮಲ್ಲಿ ತಾಳೆ ನೋಡಲು ಅಸಲು ಸಹಿಯಾದರೂ ಇರುತ್ತದೆ. ಸರ್ವಜ್ಞನ ಅಸಲು ಸಹಿ ಎಲ್ಲಿದೆ?

ಇಂಥದನ್ನು ಉತ್ತಂಗಿಯವರು ಕೈಗೆತ್ತಿಕೊಂಡರು. ಈಗಿನಂತೆ ಕಿಸೆಯಿಂದ ಮೊಬೈಲು ತೆಗೆದು ಚಿತ್ರ ಹಿಡಿಯುವ ಕಾಲವಲ್ಲ. ಪ್ರತಿ ಇದ್ದವರ ಮನೆಗೆ ಹೋಗಬೇಕು, ಬೇಡಿಕೊಳ್ಳಬೇಕು, ಕುಳಿತು ಕೈಯಾರೆ ಬರೆದುಕೊಳ್ಳಬೇಕು; ಆಮೇಲೆ ಪ್ರತಿಗೆ ಪ್ರತಿ ಹೋಲಿಸಿ, ಪಾಠ ನಿರ್ಣಯಿಸಿ, ವಿಷಯವಾರು ವಿಂಗಡಿಸಿ ಜೋಡಿಸಬೇಕು. ಹೀಗೆ ಬೇಡಿ ತಂದು ನಾಡಿಗೆ ಹಂಚಿದ್ದರಿಂದಲೇ ಕನ್ನಡಿಗರು ಅವರನ್ನು 'ತಿರುಳ್ಗನ್ನಡದ ತಿರುಕ' ಎಂದು ಕರೆದರು. ಈ ಹೆಸರಿಗಿಂತ ಹೆಚ್ಚಿನ ಪದವಿ ಯಾವ ವಿಶ್ವವಿದ್ಯಾಲಯದಲ್ಲಿ ಸಿಕ್ಕೀತು? 1924ರಲ್ಲಿ ಅವರ 'ಸರ್ವಜ್ಞನ ವಚನಗಳು' ಪ್ರಕಟವಾಯಿತು. ಸುಮಾರು 2,000 ವಚನಗಳು ಒಂದೇ ಗ್ರಂಥದಲ್ಲಿ ಕನ್ನಡಿಗರ ಕೈಗೆ ಬಂದವು. ಅವರ ತರುವಾಯ ಬೇರೆ ವಿದ್ವಾಂಸರೂ ಸಂಪಾದನೆ ಮಾಡಿದ್ದಾರೆ. ಯಾವುದು ಸರ್ವಜ್ಞನದು, ಯಾವುದು ಅಲ್ಲ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಅದು ಸಹಜವೇ. ಆದರೆ ಚರ್ಚೆ ಮಾಡಲು ಮುಂದೊಂದು ಗ್ರಂಥ ಬೇಕಲ್ಲವೇ? ಅದನ್ನು ಇಟ್ಟವರು ಇವರು.

ಇದೇ ಕಾಲದಲ್ಲಿ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಬಸವಾದಿ ಶರಣರ ವಚನಗಳನ್ನು ಮನೆಮನೆ ತಿರುಗಿ ಸಂಗ್ರಹಿಸುತ್ತಿದ್ದರು. ಅವರ 'ವಚನಶಾಸ್ತ್ರಸಾರ' 1923ರಲ್ಲಿ ಬಂತು, ಇವರ ಸರ್ವಜ್ಞ 1924ರಲ್ಲಿ ಬಂದ. ಇಬ್ಬರೂ ಧಾರವಾಡದಲ್ಲಿ ಹುಟ್ಟಿದವರು, ವಯಸ್ಸಿನಲ್ಲಿ ಒಂದು ವರ್ಷದ ಅಂತರ. ಒಬ್ಬರು ವಕೀಲರು, ಒಬ್ಬರು ಬೋಧಕರು. ಇಬ್ಬರಿಗೂ ಇದು ಹೊಟ್ಟೆಪಾಡಿನ ಉದ್ಯೋಗವಲ್ಲ. ಉದ್ಯೋಗ ಮುಗಿದ ಮೇಲೆ ದೀಪ ಹಚ್ಚಿಕೊಂಡು ಕುಳಿತು ಮಾಡಿದ ಕೆಲಸ. ಈ ಇಬ್ಬರು ತಮ್ಮ ಬಿಡುವನ್ನು ವಿಶ್ರಾಂತಿಗೆ ಕೊಟ್ಟಿದ್ದರೆ ನಮ್ಮ ಸಾಹಿತ್ಯದ ಖಜಾನೆಯಲ್ಲಿ ಎಷ್ಟು ಕೊರತೆ ಬೀಳುತ್ತಿತ್ತೋ ನೆನೆಸಲು ಭಯವಾಗುತ್ತದೆ.

ಇನ್ನು ಒಂದು ಸೂಕ್ಷ್ಮವಾದ ವಿಷಯ. ಕ್ರೈಸ್ತ ಬೋಧಕನೊಬ್ಬನು ವೀರಶೈವ ಪರಂಪರೆಯ ಕವಿಯನ್ನು ಎದೆಗವಚಿಕೊಂಡದ್ದು ಹೇಗೆ? ಅವರಿಗೆ ತಮ್ಮ ಧರ್ಮದಲ್ಲಿ ಶ್ರದ್ಧೆ ಸಡಿಲವಾಗಿತ್ತೇ? ಹಾಗಲ್ಲ. ಅವರು ಕೊನೆಯವರೆಗೂ ಯೇಸುವಿನ ಭಕ್ತರು. 'ಬನಾರಸಕ್ಕೆ ಬೆತ್ಲೆಹೇಮದ ವಿನಂತಿ' ಎಂಬ ಗ್ರಂಥವನ್ನು ಬರೆದರು. ಆ ಹೆಸರಿನಲ್ಲಿಯೇ ಅವರ ಮನೋಧರ್ಮ ಅಡಗಿದೆ. ಬೆತ್ಲೆಹೇಮವು ಕಾಶಿಗೆ ಆಜ್ಞೆ ಮಾಡುತ್ತಿಲ್ಲ, ಸವಾಲು ಹಾಕುತ್ತಿಲ್ಲ, ವಿನಂತಿ ಮಾಡುತ್ತಿದೆ. ವಿನಂತಿ ಮಾಡುವವನು ಎದುರಿನವನ ಮನೆಯ ಬಾಗಿಲಲ್ಲಿ ಪಾದರಕ್ಷೆ ಬಿಟ್ಟು ಒಳಗೆ ಬರುತ್ತಾನೆ. ಅವರು ಶರಣರ ಮನೆಯೊಳಗೆ ಹೀಗೆಯೇ ಬಂದರು.

ಬಂದವರು ಬರಿಗೈಯಲ್ಲಿ ಹೋಗಲಿಲ್ಲ. ಸೊಲ್ಲಾಪುರದ ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿದರು. ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯರ ವಚನಗಳ ಸಂಪಾದನೆಯಲ್ಲಿ ದುಡಿದರು. ಈ ಮಾರಯ್ಯನ ಕಥೆ ಉತ್ತರ ಭಾರತದಲ್ಲಿರುವ ನಮಗೆ ಸ್ವಾರಸ್ಯವಾಗಿದೆ: ಕಾಶ್ಮೀರದ ಅರಸನೊಬ್ಬನು ಸಿಂಹಾಸನ ಬಿಟ್ಟು ಕಲ್ಯಾಣಕ್ಕೆ ಬಂದು, ಸೌದೆ ಮಾರಿ ಕಾಯಕ ಮಾಡಿದನೆಂದು ಐತಿಹ್ಯ. ಅವನು ಹೊಟ್ಟೆಪಾಡಿಗಲ್ಲದೆ ದಕ್ಷಿಣಕ್ಕೆ ಬಂದ. ನಾವು ಹೊಟ್ಟೆಪಾಡಿಗಾಗಿ ಉತ್ತರಕ್ಕೆ ಬಂದೆವು! ಇರಲಿ. ಬಸವಣ್ಣನವರ ಅನುಭವ ಮಂಟಪವು ನಿಜವಾಗಿ ಇತ್ತೇ ಅಥವಾ ಅದು ಕವಿಕಲ್ಪನೆಯೇ ಎಂಬ ವಾದ ವಿದ್ವಾಂಸರಲ್ಲಿ ಎದ್ದಾಗ, ಅದು ಇತಿಹಾಸವೇ ಹೌದೆಂದು ಆಧಾರಗಳನ್ನು ಜೋಡಿಸಿ 'ಅನುಭವ ಮಂಟಪದ ಐತಿಹಾಸಿಕತೆ' ಎಂಬ ಗ್ರಂಥವನ್ನೇ ಅವರು 1951ರಲ್ಲಿ ಪ್ರಕಟಿಸಿದರು. ಆಗ ಅವರಿಗೆ ಎಪ್ಪತ್ತರ ಹತ್ತಿರ ಹತ್ತಿರ ವಯಸ್ಸು. ಅನ್ಯಮತದವರೆನಿಸಿಕೊಂಡವರು ಬಸವಣ್ಣನ ಮಂಟಪಕ್ಕೆ ಸಾಕ್ಷಿ ನುಡಿಯಲು ನಿಂತರು!

ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ನಮ್ಮ ಸಂಘದಲ್ಲಿಯೇ ಗದಗಿನ ಕಡೆಯ ಒಂದು ಕ್ರೈಸ್ತ ಕುಟುಂಬವಿದೆ. ಆ ಮನೆಯ ತಾಯಿಯವರನ್ನು ಇಲ್ಲಿಯ ನೆರೆಯವರು, "ನೀವು ಮನೆಯಲ್ಲಿ ಇಂಗ್ಲಿಷ್ ಮಾತಾಡುತ್ತೀರೇನು?" ಎಂದು ಕೇಳುತ್ತಾರಂತೆ. ಅದು ಹೊರಗಿನವರ ಅಜ್ಞಾನ, ಹೋಗಲಿ ಎನ್ನೋಣ. ಆದರೆ ಕನ್ನಡಿಗರೇ ಒಬ್ಬರು, "ನಿಮ್ಮವರಲ್ಲೂ ರಾಜ್ಯೋತ್ಸವ ಮಾಡುತ್ತಾರೆಯೇ?" ಎಂದು ಕೇಳಿದರಂತೆ. ಆಗ ಆ ತಾಯಿ ಹೇಳಿದ ಮಾತು ಇದು: "ಅಣ್ಣಾರ, ನಮ್ಮ ಮನ್ಯಾಗ ಪ್ರಾರ್ಥನಾ ಮಾಡೂದೂ ಕನ್ನಡದಾಗ, ಅಳೂದೂ ಕನ್ನಡದಾಗ. ಮತ್ತ ಯಾವ ರಾಜ್ಯದ ಉತ್ಸವಾ ಮಾಡೂಣ?" ಈ ಮಾತಿಗೆ ನಾವು ಉತ್ತರ ಹೇಳಬೇಕಾಗಿದೆ. ಊರಿನಲ್ಲಿದ್ದಾಗ ಜಾತಿ, ಮತ, ಬಡಾವಣೆ ಎಂದು ಬೇರೆಬೇರೆಯಾಗಿ ಕುಳಿತುಕೊಳ್ಳಲು ಜನ ಬಹಳವಿತ್ತು. ಇಲ್ಲಿ ಇರುವ ಬೆರಳೆಣಿಕೆಯ ಮನೆಗಳಲ್ಲಿ ಯಾರಾದರೂ ಬಾಗಿಲ ಹೊರಗೆ ನಿಂತರೆ ನಷ್ಟ ಅವರಿಗಲ್ಲ, ನಮಗೆ. ಉತ್ತಂಗಿಯವರನ್ನು ಹೊರಗೆ ನಿಲ್ಲಿಸಿದ್ದರೆ ಸರ್ವಜ್ಞನೂ ಅವರೊಂದಿಗೆ ಹೊರಗೇ ಉಳಿಯುತ್ತಿದ್ದನು.

ಅಂದಿನ ಕನ್ನಡಿಗರು ಹಾಗೆ ಮಾಡಲಿಲ್ಲವೆಂಬುದು ನಮ್ಮ ಪುಣ್ಯ. 1949ರಲ್ಲಿ ಗುಲಬರ್ಗಾದಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಆ ಸಮಯದ ಮಹತ್ವವನ್ನು ಸ್ವಲ್ಪ ಆಲೋಚಿಸಬೇಕು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತ್ತು. ರಜಾಕಾರರ ಹಾವಳಿಯ ಗಾಯಗಳು ಆ ಭಾಗದಲ್ಲಿ ಇನ್ನೂ ಮಾಯ್ದಿರಲಿಲ್ಲ. ದೇಶವೆಲ್ಲ ಮತದ ಹೆಸರಿನಲ್ಲಿ ರಕ್ತ ಕಂಡಿದ್ದ ಕಾಲ. ಅಂಥ ನೆಲದಲ್ಲಿ ಕನ್ನಡಿಗರ ಮಹಾಸಭೆ ಸೇರಿದಾಗ, ಅಧ್ಯಕ್ಷಪೀಠದಲ್ಲಿ ಕುಳಿತವರು ಸಣ್ಣ ಊರಿನ ಒಬ್ಬ ಕ್ರೈಸ್ತ ಬೋಧಕರು. ಇದಕ್ಕಿಂತ ಸ್ಪಷ್ಟವಾಗಿ 'ಕನ್ನಡಿಗ ಯಾರು' ಎಂಬುದನ್ನು ಯಾವ ಠರಾವಿನಲ್ಲಿ ಬರೆಯಲು ಸಾಧ್ಯ?

ಏಕೀಕರಣದ ಅರ್ಥವೂ ಅವರ ಬಾಳಿನಲ್ಲಿ ಚೆನ್ನಾಗಿ ಕಾಣುತ್ತದೆ. ಅವರು ಹುಟ್ಟಿದ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದಿದ ಮಂಗಳೂರು ಮದರಾಸಿಗೆ ಸೇರಿತ್ತು. ಹಿರಿಯರ ಊರು ಉತ್ತಂಗಿ, ಬದುಕಿದ ಹಡಗಲಿ, ಇವೂ ಮದರಾಸಿಗೇ. ಅಧ್ಯಕ್ಷತೆ ವಹಿಸಿದ ಗುಲಬರ್ಗಾ ಹೈದರಾಬಾದಿಗೆ. ಗದಗಿನಿಂದ ಹಡಗಲಿಗೆ ಹೋಗಬೇಕಾದರೆ ನಡುವೆ ತುಂಗಭದ್ರೆ; ಈ ದಂಡೆಗೆ ಒಂದು ಸರಕಾರ, ಆ ದಂಡೆಗೆ ಇನ್ನೊಂದು ಸರಕಾರ. ದಂಡೆಯ ಎರಡೂ ಕಡೆ ಮೈಲಾರಲಿಂಗನ ಕಾರಣಿಕ ಕೇಳುವ ಜನ ಒಂದೇ, ಮಾತು ಒಂದೇ. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಏಳು ತಾಲ್ಲೂಕುಗಳೊಂದಿಗೆ ಹಡಗಲಿಯೂ ಮೈಸೂರಿಗೆ ಬಂದು ಸೇರಿತು. 1956ರ ನವೆಂಬರ್ 1ರಂದು ಉಳಿದ ಭಾಗಗಳು ಕೂಡಿದವು. ಸರಕಾರಗಳು ನಕಾಶೆಯಲ್ಲಿ ಕೂಡಿಸಿದ್ದನ್ನು ಈ ಮುದುಕರು ಮೂವತ್ತು ವರ್ಷ ಮೊದಲೇ ಸರ್ವಜ್ಞನ ದಾರದಿಂದ ಹೊಲಿದಿದ್ದರು. ಆ ಸುದಿನವನ್ನು ಕಣ್ಣಾರೆ ಕಂಡು, 1962ರ ಆಗಸ್ಟ್ 28ರಂದು ಅವರು ತೀರಿಕೊಂಡರು. ಹೂವಿನ ಹಡಗಲಿ ಈಗ, 2021ರಿಂದ, ವಿಜಯನಗರ ಜಿಲ್ಲೆಯಲ್ಲಿದೆ. ಮಲ್ಲಿಗೆಗೆ ಇಂದಿಗೂ ಹೆಸರಾಗಿದೆ. ಬಳ್ಳಿ ಎಲ್ಲಿದೆಯೆಂದು ಕಾಣದಿದ್ದರೂ ಪರಿಮಳದಿಂದ ಮಲ್ಲಿಗೆ ಇರುವುದು ತಿಳಿಯುತ್ತದೆ; ಅವರ ಕೆಲಸವೂ ಅಂಥದೇ.

2009ರ ಆಗಸ್ಟಿನಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರರ ಪ್ರತಿಮೆಯೂ, ಚೆನ್ನೈಯ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯೂ ಕೆಲವೇ ದಿನಗಳ ಅಂತರದಲ್ಲಿ ಅನಾವರಣವಾದದ್ದು ತಮಗೆ ನೆನಪಿರಬಹುದು. ಪರನಾಡಿನಲ್ಲಿ ಸರ್ವಜ್ಞನು ಪ್ರತಿಮೆಯಾಗಿ ನಿಂತನು. ಅವನನ್ನು ಪುಸ್ತಕವಾಗಿ ನಿಲ್ಲಿಸಿದವರ ಹೆಸರನ್ನು ಅಂದು ಎಷ್ಟು ಜನ ನೆನೆದರೋ ಕಾಣೆ. ನೆನೆಯದಿದ್ದರೆ ಅವರೇನೂ ಬೇಸರಪಡುವವರಲ್ಲ.

ಕಡೆಯದಾಗಿ ನಮ್ಮ ಮಾತು. ನಾವು ವಾಸ ಮಾಡುವ ಈ ಊರು 1976ರಲ್ಲಿ ಹುಟ್ಟಿದ್ದು. ಇಲ್ಲಿ ಬೀದಿಗಳಿಗೆ ಹೆಸರಿಗಿಂತ ಸಂಖ್ಯೆಯೇ ಹೆಚ್ಚು. ಸೆಕ್ಟರು, ಬ್ಲಾಕು, ಟವರು, ಫ್ಲಾಟು. ನಮ್ಮ ಮಕ್ಕಳು ಶಾಲೆಯಲ್ಲಿ ಹಿಂದಿ, ಇಂಗ್ಲಿಷು ಕಲಿಯುತ್ತಾರೆ. ಕಲಿಯಲಿ, ಅನ್ನದ ಭಾಷೆಗಳು. ಆದರೆ ಮನೆಯಲ್ಲಿ ಅಜ್ಜ ಅಜ್ಜಿಯರು ಆರು ತಿಂಗಳು ಬಂದು ಇದ್ದು ಹೋಗುತ್ತಾರಲ್ಲ, ಅವರ ಬಾಯಲ್ಲಿರುವ ಗಾದೆ, ಒಗಟು, ಬೀಸುವ ಪದ, ಸರ್ವಜ್ಞನ ತ್ರಿಪದಿ, ಇವೆಲ್ಲ ಅವರೊಂದಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಹೊರಟುಹೋಗುತ್ತವೆ. ಒಂದು ದಿನ ಅವರು ಮರಳಿ ಬರುವುದಿಲ್ಲ. ಆಮೇಲೆ ಎಷ್ಟು ಹುಡುಕಿದರೂ ಆ ಠೇವಣಿ ಸಿಗುವುದಿಲ್ಲ. ವಾರಸುದಾರರಿಲ್ಲದ ಖಾತೆಯಾದರೂ ಬ್ಯಾಂಕಿನಲ್ಲಿ ಉಳಿದಿರುತ್ತದೆ. ಬರೆದಿಡದ ಮಾತು ಎಲ್ಲಿಯೂ ಉಳಿಯುವುದಿಲ್ಲ.

ಆದ್ದರಿಂದ ನನ್ನದೊಂದು ವಿನಂತಿ. ಪ್ರತಿ ಮನೆಯಲ್ಲಿ ಇನ್ನೂರು ಪುಟದ ಒಂದು ನೋಟುಪುಸ್ತಕ ಇಡೋಣ. ಮನೆಗೆ ಬಂದ ಹಿರಿಯರ ಬಾಯಿಂದ ವಾರಕ್ಕೆ ಒಂದಾದರೂ ಮಾತನ್ನು ಮಗುವಿನ ಕೈಯಿಂದಲೇ ಕನ್ನಡ ಲಿಪಿಯಲ್ಲಿ ಬರೆಯಿಸೋಣ. ಹೇಳಿದವರ ಹೆಸರು, ಊರು, ತಾರೀಖು ಇವನ್ನು ಕೆಳಗೆ ನಮೂದಿಸೋಣ. ಮಂಡ್ಯದವರು ಮಂಡ್ಯದ ಮಾತಿನಲ್ಲಿ, ಬೀದರದವರು ಬೀದರದ ಮಾತಿನಲ್ಲಿ, ಕಾಸರಗೋಡಿನವರು ತಮ್ಮ ಮಾತಿನಲ್ಲಿಯೇ ಬರೆಯಲಿ. ತಿದ್ದುವ ಗೊಡವೆ ಬೇಡ. ಹಿಂದೂ, ಮುಸಲ್ಮಾನ, ಕ್ರೈಸ್ತ, ಜೈನ ಎಲ್ಲರ ಮನೆಯ ಪುಸ್ತಕಗಳೂ ಮುಂದಿನ ರಾಜ್ಯೋತ್ಸವಕ್ಕೆ ಈ ಮೇಜಿನ ಮೇಲೆ ಬರಲಿ. ಅವುಗಳನ್ನು ಒಂದೆಡೆ ಜೋಡಿಸಿ ನಕಲು ಮಾಡುವ ಗುಮಾಸ್ತಿಕೆಯನ್ನು ನಾನು ವಹಿಸಿಕೊಳ್ಳುತ್ತೇನೆ. ಅದೊಂದು ಕೆಲಸ ನನಗೆ ಬರುತ್ತದೆ. ಬೋಧಕರೊಬ್ಬರು ವೃತ್ತಿಯ ದುಡಿಮೆ ಮುಗಿಸಿ 2,000 ವಚನಗಳನ್ನು ಕೂಡಿಸಬಲ್ಲವರಾದರೆ, ನಾವು ಇಷ್ಟು ಮನೆಯವರು ಸೇರಿ ವರ್ಷಕ್ಕೆ ನಾಲ್ಕು ನೂರು ಗಾದೆ ಕೂಡಿಸಲಾರೆವೇ?

ನನ್ನ ಮಾತು ಉದ್ದವಾಯಿತು. ಒಳಗೆ ಅಡಿಗೆಮನೆಯಿಂದ ಬಿಸಿಬೇಳೆಬಾತಿನ ಪರಿಮಳ ಬರುತ್ತಿದೆ. ಇನ್ನು ಯಾವ ಭಾಷಣವೂ ಅದರ ಮುಂದೆ ನಿಲ್ಲಲಾರದು.